ಬೇರು ನೋಡಿ ಹೂವು ನೆಡಿ

ಹೋದ ವರ್ಷ ಯುಗಾದಿ ಕಳೆದ ಮೂರನೇ ದಿನ ಹಿತ್ತಲಿನ ಕನಕಾಂಬರದ ಸಾಲಿನಿಂದ ಒಂದು ಗಿಡವನ್ನು ಬುಡಸಮೇತ ಕಿತ್ತೆ. ಕೀಳಲು ಮನಸ್ಸಿರಲಿಲ್ಲ. ಹದಿನೈದು ದಿನದಿಂದ ಆ ಗಿಡ ಮಧ್ಯಾಹ್ನ ಹನ್ನೆರಡಕ್ಕೆ ಜೋಲುಬೀಳುವುದು, ಸಂಜೆ ಹೊತ್ತಿಗೆ ಮತ್ತೆ ಎದ್ದು ನಿಲ್ಲುವುದು ನಡೆದಿತ್ತು. ಬಿಸಿಲಿಗೆ ಹೀಗಾಗುತ್ತಿದೆ ಅಂದುಕೊಂಡು ಸಾಲಿಗೆ ಎರಡು ಕೊಡ ನೀರು ಹೆಚ್ಚು ಹಾಕಿದೆ. ಎಲೆ ಹಳದಿಯಾಯಿತು. ಹಿಡಿ ಯೂರಿಯಾ ಕೊಟ್ಟೆ. ಹೂವಿನ ತೆನೆ ಗಿಡ್ಡವಾಯಿತು. ಕೊನೆಗೆ ಕಿತ್ತು, ಬಕೆಟ್ಟಿನ ನೀರಿನಲ್ಲಿ ಬೇರನ್ನು ಅಲುಬಿ ಎತ್ತಿದಾಗ ಎದೆ ಧಸಕ್ಕೆಂದಿತು. ದಾರದಂತೆ ಇಳಿಬೀಳಬೇಕಿದ್ದ ಬೇರುಗಳ ತುಂಬ ಗಂಟು. ಕೆಲವು ಸಾಸಿವೆ ಗಾತ್ರ, ಕೆಲವು ಕಡಲೆ ಗಾತ್ರ. ಒಂದು ಗಂಟಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಕಂದು ಬಣ್ಣದ ಅಂಟು ಕೂತಿತ್ತು. ಆ ಚೂರು ಅಂಟಿನಲ್ಲಿ ನೂರಾರು ಮೊಟ್ಟೆಗಳಿರುತ್ತವೆ ಎಂದು ಆಮೇಲೆ ತಿಳಿಯಿತು.

ಇದನ್ನು ಕೃಷಿಯವರು ಬೇರುಗಂಟು ರೋಗ ಅನ್ನುತ್ತಾರೆ. ನಮ್ಮ ಕಡೆ ಹೂ ಬೆಳೆಯುವವರ ಬಾಯಲ್ಲಿ ಇದು ಬರೀ ‘ಸೊರಗು’. ಗಿಡ ಯಾಕೆ ಸೊರಗಿತು ಎಂದು ಬೇರು ಬಿಡಿಸಿ ನೋಡುವವರು ಕಡಿಮೆ. ಬೇಸಿಗೆ ಬಂತೆಂದರೆ ಮನೆ ಮುಂದಿನ ಪಾತಿಗೆ, ಹಿತ್ತಲಿನ ಮಡಿಗೆ ಯಾವ ಹೂ ಹಾಕೋಣ ಎಂದು ಎಲ್ಲರೂ ನರ್ಸರಿಗೆ ಹೋಗುತ್ತೇವೆ. ಅರಳಿ ನಿಂತ ಬಣ್ಣ ನೋಡಿ ಸಸಿ ತರುತ್ತೇವೆ. ಅದಕ್ಕೂ ಮೊದಲು ನಮ್ಮ ಮಣ್ಣಿನಲ್ಲಿ ಏನಿದೆ, ತರುವ ಸಸಿಯ ಬೇರಿನಲ್ಲಿ ಏನಿದೆ ಎಂದು ನೋಡಿಕೊಳ್ಳಿ ಎಂದು ಹೇಳಲು ಈ ಬರಹ.

ನಮ್ಮದು ಕೊಳ್ಳೇಗಾಲದ ಅಂಚಿನಲ್ಲಿ ಎಂಟು ಗುಂಟೆ ಜಾಗ. ಮಾವನವರ ಕಾಲದಲ್ಲಿ ಅದು ಹಿಪ್ಪುನೇರಳೆ ತೋಟ. ಮನೆಯ ಒಂದು ಕೋಣೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳಿದ್ದವು, ರಾತ್ರಿಯೆಲ್ಲ ಹುಳು ಸೊಪ್ಪು ತಿನ್ನುವ ಸದ್ದು ಸೋನೆಮಳೆಯ ಹಾಗೆ ಕೇಳುತ್ತಿತ್ತು. ಮಾವನವರು ಹೋದ ಮೇಲೆ ಹುಳು ಸಾಕುವ ಶಕ್ತಿ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಡ್ಡಿ ಕಿತ್ತು ಹೂವು ಹಾಕಿದೆವು. ಹಿಪ್ಪುನೇರಳೆಯ ಬೇರಿಗೂ ಇದೇ ಗಂಟು ಬರುತ್ತದೆ, ಅದರಲ್ಲೂ ಮರಳು ಮಿಶ್ರಿತ ಮಣ್ಣಿನಲ್ಲಿ ಹೆಚ್ಚು. ತೋಟದ ಕೊನೆಯ ವರ್ಷಗಳಲ್ಲಿ ಸೊಪ್ಪು ಸಣ್ಣದಾಗಿ ಇಳುವರಿ ಇಳಿದಾಗ ‘ಭೂಮಿ ದಣಿದಿದೆ’ ಎಂದು ಮಾವನವರು ಹೇಳುತ್ತಿದ್ದುದು ಈಗ ನೆನಪಾಗುತ್ತದೆ. ನಾವು ಕಡ್ಡಿ ಕಿತ್ತರೂ ರೋಗ ಮಣ್ಣಿನಲ್ಲೇ ಉಳಿದಿತ್ತು. ಅದೇ ಮಣ್ಣಿಗೆ ಕನಕಾಂಬರ ನೆಟ್ಟೆ.

ಈ ರೋಗಕ್ಕೆ ಕಾರಣ ಒಂದು ಜಂತುಹುಳು. ಎರೆಹುಳುವಿನ ಹಾಗೆ ಕಣ್ಣಿಗೆ ಕಾಣುವುದಲ್ಲ. ಬೇರಿಗೆ ನುಗ್ಗುವ ವಯಸ್ಸಿನ ಮರಿ ಅರ್ಧ ಮಿಲಿಮೀಟರಿನಷ್ಟೂ ಉದ್ದವಿರುವುದಿಲ್ಲ. ವಿಜ್ಞಾನಿಗಳು ಇಟ್ಟ ಹೆಸರು ಮೆಲಾಯ್ಡೊಗೈನೆ. ಅದರಲ್ಲಿ ಇನ್‌ಕಾಗ್ನಿಟ ಎಂಬ ಜಾತಿಯೇ ನಮ್ಮ ತೋಟಗಳಲ್ಲಿ ಹೆಚ್ಚು. ಮರಿ ಎಳೆಬೇರಿನ ತುದಿಯ ಹತ್ತಿರ ಒಳಹೊಕ್ಕು ಒಂದು ಕಡೆ ನೆಲೆಯಾಗುತ್ತದೆ. ಅದು ಉಗುಳುವ ರಸಕ್ಕೆ ಸುತ್ತಲಿನ ಜೀವಕೋಶಗಳು ಊದಿಕೊಂಡು, ಗಿಡಕ್ಕೆ ಹೋಗಬೇಕಾದ ಸಾರವನ್ನು ಅದಕ್ಕೆ ಉಣಿಸುವ ಬಟ್ಟಲುಗಳಾಗುತ್ತವೆ. ಅದೇ ಗಂಟು. ನೀರು, ಗೊಬ್ಬರ ಹೀರುವ ದಾರಿಯೇ ಕಟ್ಟಿಹೋಗುವುದರಿಂದ ಕಾಲಡಿಯಲ್ಲಿ ನೀರಿದ್ದರೂ ಗಿಡ ಬಾಯಾರುತ್ತದೆ. ಹೆಣ್ಣು ಹುಳು 200ರಿಂದ 500 ಮೊಟ್ಟೆ ಇಡುತ್ತದೆ. ಬೇಸಿಗೆಯ ಬೆಚ್ಚಗಿನ ಮಣ್ಣಿನಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಒಂದು ತಿಂಗಳು ಸಾಕು. ಯುಗಾದಿಗೆ ಒಂದು ಗಿಡದಲ್ಲಿದ್ದದ್ದು ಗೌರಿಹಬ್ಬದ ಹೊತ್ತಿಗೆ ಐದು ತಲೆಮಾರು ದಾಟಿರುತ್ತದೆ. ಗಾಯವಾದ ಬೇರಿನೊಳಕ್ಕೆ ಆಮೇಲೆ ಫ್ಯುಸೇರಿಯಂನಂಥ ಶಿಲೀಂಧ್ರ ಸೇರಿಕೊಳ್ಳುತ್ತದೆ. ಆಗ ಸಂಜೆಗೆ ಎದ್ದು ನಿಲ್ಲುತ್ತಿದ್ದ ಗಿಡವೂ ಏಳುವುದಿಲ್ಲ.

ಈ ಹುಳು ಹೊಸದಾಗಿ ಬಂದದ್ದೇನಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ಬರೆದಿಟ್ಟದ್ದು 1901ರಲ್ಲಿ, ಬಾರ್ಬರ್ ಎಂಬ ಸಸ್ಯವಿಜ್ಞಾನಿ. ಕಂಡದ್ದು ದೇವಾಲ ಎಂಬಲ್ಲಿ, ಚಹಾ ಗಿಡದ ಬೇರಿನಲ್ಲಿ. ದೇವಾಲ ಎಲ್ಲಿಯದೋ ದೂರದ ಊರಲ್ಲ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ಗೂಡಲೂರಿನ ಕಡೆ ಹೋದರೆ ಸಿಗುತ್ತದೆ. ಆಗ ದೇವಾಲದಂತೆ ನಮ್ಮ ಕೊಳ್ಳೇಗಾಲವೂ ಮದರಾಸು ಆಡಳಿತದಲ್ಲೇ, ಕೊಯಮತ್ತೂರು ಜಿಲ್ಲೆಯಲ್ಲಿ ಇತ್ತು, 1956ರವರೆಗೂ. ನೂರು ವರ್ಷ ದಾಟಿದರೂ ಮಣ್ಣಿನೊಳಗಿನ ಈ ಸಂಕಟದ ಸುದ್ದಿ ಹೂ ಕಟ್ಟುವ ಹೆಂಗಸರವರೆಗೆ ಬಂದಿಲ್ಲ ಎಂಬುದೇ ನನಗೆ ನೋವು.

ರೋಗ ಹರಡುವುದು ಹೇಗೆ? ಜಂತುಹುಳು ತಾನಾಗಿಯೇ ವರ್ಷಕ್ಕೆ ಒಂದು ಮೀಟರು ಹೋದರೆ ಹೆಚ್ಚು. ಅದನ್ನು ಊರಿಂದೂರಿಗೆ ಹೊತ್ತವರು ನಾವು. ರೋಗದ ಪಾತಿಯಲ್ಲಿ ಹರಿದ ನೀರು ಮುಂದಿನ ಪಾತಿಗೆ ಹೋಗುತ್ತದೆ. ಗುದ್ದಲಿಗೆ ಮೆತ್ತಿದ ಮಣ್ಣು ಪಕ್ಕದವರ ಹಿತ್ತಲಿಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪ್ಯಾಕೆಟ್ ಸಸಿಯ ಹಿಡಿ ಮಣ್ಣಿನಲ್ಲಿ ಹೋಗುತ್ತದೆ. ಕನಕಾಂಬರದಲ್ಲಿ ಡೆಲ್ಲಿ ಎಂಬ ತಳಿ ನೋಡಿರಬೇಕು, ದೊಡ್ಡ ಹೂವು, ಒಳ್ಳೆಯ ಬಣ್ಣ, ಕೊಳ್ಳುವವರು ಅದನ್ನೇ ಕೇಳುತ್ತಾರೆ. ಆ ಗಿಡ ಬೀಜ ಕಟ್ಟುವುದಿಲ್ಲ. ಕಡ್ಡಿಯಿಂದಲೇ ಸಸಿ ಮಾಡಬೇಕು. ಆ ಕಡ್ಡಿ ಬೇರು ಬಿಡುವ ಮಣ್ಣು ಶುದ್ಧವಿಲ್ಲದಿದ್ದರೆ ಗಂಟು ಅಲ್ಲಿಯೇ ಶುರುವಾಗುತ್ತದೆ. ಮೊದಲೆಲ್ಲ ನಮ್ಮ ಹಿತ್ತಲುಗಳಲ್ಲಿ ಇದ್ದದ್ದು ಬೀಜದ ಕನಕಾಂಬರ. ಒಣಗಿದ ಬೀಜದ ಕಾಯಿಗೆ ಎಂಜಲು ತಾಗಿಸಿ ಅಂಗೈಯಲ್ಲಿಟ್ಟುಕೊಂಡರೆ ಟಪ್ಪೆಂದು ಸಿಡಿಯುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು. ಆ ಬೀಜ ಮಣ್ಣು ಹೊತ್ತು ತರುತ್ತಿರಲಿಲ್ಲ, ರೋಗವನ್ನೂ ತರುತ್ತಿರಲಿಲ್ಲ.

ನಾನು ಹತ್ತು ರೂಪಾಯಿಗೊಂದರಂತೆ ತಂದ ಅರವತ್ತು ಸಸಿಗಳಲ್ಲಿ ಎಷ್ಟು ಮೊದಲೇ ಗಂಟು ಹೊತ್ತು ಬಂದವೋ, ಎಷ್ಟಕ್ಕೆ ನಮ್ಮ ಹಳೆಯ ಹಿಪ್ಪುನೇರಳೆ ಮಣ್ಣೇ ಅಂಟಿಸಿತೋ, ಬೇರ್ಪಡಿಸಿ ಹೇಳಲಾರೆ. ಮಾರಿದವರ ಮೇಲೆ ತಪ್ಪು ಹೊರಿಸುವುದಿಲ್ಲ. ಒಂದು ಪ್ಯಾಕೆಟ್ಟನ್ನಾದರೂ ಹರಿದು ಬೇರು ನೋಡುವ ಬುದ್ಧಿ ನನಗಿರಬೇಕಿತ್ತು. ಈಗ ಇಪ್ಪತ್ತು ಸಸಿ ಕೊಂಡರೆ ಎರಡನ್ನು ಅಲ್ಲಿಯೇ ಹರಿದು ಮಣ್ಣು ಉದುರಿಸಿ ನೋಡುತ್ತೇನೆ. ಆ ಎರಡರ ದುಡ್ಡನ್ನೂ ಕೊಡುತ್ತೇನೆ. ಬೇರು ಬೆಳ್ಳಗೆ, ಒಂದೇ ಸಮನೆ ಸಣ್ಣಗಿದ್ದರೆ ಉಳಿದದ್ದು ಮನೆಗೆ ಬರುತ್ತದೆ.

ಹನೂರಿನ ಕಡೆ ನನ್ನ ತವರು. ಅಲ್ಲಿ ತಮ್ಮ ಬೋರಿನ ನೀರಿಗೆ ಟೊಮೆಟೊ ಹಾಕುತ್ತಾನೆ. ಬೇಲಿ ಬದಿಯಲ್ಲಿ ನಾದಿನಿ ಕರ್ಣಕುಂಡಲ, ಕೋಳಿಜುಟ್ಟು ಬೆಳೆದಿದ್ದಳು. ನನ್ನ ಕನಕಾಂಬರದ ಗತಿ ಕೇಳಿ ಅವಳು ಫೋನಿನಲ್ಲಿ ಹೇಳಿದಳು: “ನಮ್ದೂವೆ ಹಂಗೇ ಕಣಕ್ಕ, ಹೂ ಬುಡೋದ್ರೊಳಗೇ ಒಣುಗ್ತವೆ. ನೀರ್ ಸಾಲ್ದು ಅಂತವ್ರೆ ನಿಮ್ ತಮ್ಮ.” ನಾನು ಹೋದಾಗ ಇಬ್ಬರೂ ಸೇರಿ ಕಿತ್ತು ನೋಡಿದೆವು. ಟೊಮೆಟೊ, ಕರ್ಣಕುಂಡಲ, ಕೋಳಿಜುಟ್ಟು ಮೂರರಲ್ಲೂ ಗಂಟು. ಬದುವಿನ ಅಣ್ಣೆಸೊಪ್ಪು, ಗಣಿಕೆಸೊಪ್ಪಿನ ಬೇರಿನಲ್ಲೂ ಗಂಟು. ಈ ಹುಳು 2,000ಕ್ಕೂ ಹೆಚ್ಚು ಜಾತಿಯ ಗಿಡಗಳಲ್ಲಿ ಬದುಕುತ್ತದೆ. ಬೆಳೆ ತೆಗೆದು ಕಳೆ ಬಿಟ್ಟರೆ ಅದಕ್ಕೆ ಉಪವಾಸವಿಲ್ಲ.

ತಮ್ಮ ಬೀಜದ ಪೊಟ್ಟಣ ತಂದು ತೋರಿಸಿದ. ಜಂತುಹುಳು ತಡೆಯುವ ತಳಿ ಎಂದು ಅದರ ಮೇಲೆ ಅಚ್ಚಾಗಿತ್ತು. ಅದು ಸುಳ್ಳಲ್ಲ. ಟೊಮೆಟೊದ ಕಾಡುಜಾತಿಯೊಂದರಿಂದ ತಂದ ‘ಮೈ’ ಎಂಬ ವಂಶವಾಹಿ ಬೇರಿನಲ್ಲಿ ಹುಳು ನೆಲೆಯಾಗದಂತೆ ತಡೆಯುತ್ತದೆ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಬಲ ಕುಂದುತ್ತದೆ. ಏಪ್ರಿಲ್ಲಿನಲ್ಲಿ ಹನೂರಿನ ಕೆಂಪು ಗರಸು ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಆ ಬಿಸಿ ಎಷ್ಟೆಂದು ಹೇಳಬೇಕಿಲ್ಲ. ಚಳಿಗಾಲದಲ್ಲಿ ಕಾಪಾಡುವ ತಳಿ ಬೇಸಿಗೆಯಲ್ಲಿ ಕೈಬಿಡಬಹುದು ಎಂಬುದನ್ನು ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ.

ನಾನು ನೋಡಿದ ಮೂರನೆಯ ಮಣ್ಣು ಯಳಂದೂರಿನದು. ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಸುವರ್ಣಾವತಿ ನೀರಿನ ಗದ್ದೆ ಬಯಲು ಅವರದು. ಅಕ್ಕನೂ ಕನಕಾಂಬರ ಬೆಳೆದಿದ್ದಳು, ನಾನು ಕೊಟ್ಟ ಕಡ್ಡಿಯಿಂದಲೇ. ಹೆದರಿಕೊಂಡೇ ಹೋಗಿ ಕಿತ್ತು ನೋಡಿದರೆ ಬೇರು ನೂಲಿನ ಹಾಗೆ ಸಲೀಸಾಗಿತ್ತು. ಭಾವನನ್ನು ಕೇಳಿದೆ, “ಈ ಗದ್ದೆಗೆ ಮೊದಲು ಏನು ಹಾಕಿದ್ದಿರಿ ಭಾವ?” “ಇನ್ನೇನವ್ವ, ಎರಡು ವರ್ಷದಿಂದ ಭತ್ತವೇ,” ಎಂದರು. ಉತ್ತರ ಅದರಲ್ಲೇ ಇತ್ತು. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದೆ ಈ ಹುಳು ಬಹುಪಾಲು ಸಾಯುತ್ತದೆ. ಭತ್ತಕ್ಕೇ ಬರುವ ಬೇರುಗಂಟಿನ ಹುಳು ಬೇರೆ ಜಾತಿಯದು. ಹಾಗಾಗಿ ಗದ್ದೆ ಬಿಟ್ಟು ಹೂವಿಗೆ ತಿರುಗುವವರಿಗೆ ಮೊದಲ ಬೆಳೆಯಲ್ಲಿ ಒಂದು ಅನುಕೂಲವಿದೆ. ಆ ಅನುಕೂಲವನ್ನು ರೋಗದ ಸಸಿ ತಂದು ಕಳೆದುಕೊಳ್ಳಬಾರದು. ಅಕ್ಕನಿಗೆ ಕೊಟ್ಟ ಕಡ್ಡಿ ಬೇರಿಲ್ಲದ ಹಸಿ ಕಡ್ಡಿಯಾಗಿತ್ತು, ನಮ್ಮ ಮಣ್ಣು ಅದರ ಜೊತೆ ಹೋಗಲಿಲ್ಲ. ಪುಣ್ಯ.

ಹಾಗಾದರೆ ಗಂಟು ಕಂಡ ಮಣ್ಣಿಗೆ ಬೇಸಿಗೆಯಲ್ಲಿ ಯಾವ ಹೂ ಹಾಕಬೇಕು? ನನ್ನ ಮೊದಲ ಮಾತು ಚೆಂಡುಹೂವು. ಆಯುಧಪೂಜೆಯ ದಿನ ಬಿಟ್ಟರೆ ನಾವು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ನಮ್ಮ ಜಿಲ್ಲೆಯ ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಬೆಳೆದು ಬಣ್ಣ ತೆಗೆಯಲು ಕಳಿಸುತ್ತಾರೆ, ಓಣಂ ಹೊತ್ತಿಗೆ ಕೇರಳಕ್ಕೆ ಲಾರಿ ತುಂಬುತ್ತಾರೆ. ಅದರ ಬೇರಿನಲ್ಲಿ ಆಲ್ಫಾ ಟರ್ಥಿಯೆನೈಲ್ ಎಂಬ ರಾಸಾಯನಿಕ ಇರುತ್ತದೆ. ಜಂತುಹುಳುವಿನ ಮರಿ ಒಳಹೊಕ್ಕರೂ ಬೆಳೆದು ಮೊಟ್ಟೆ ಇಡಲಾಗದು. ಬದುವಿನ ಮೇಲೆ ನಾಲ್ಕು ಚೆಂಡುಹೂವಿನ ಗಿಡ ನೆಟ್ಟು ರೋಗ ಹೋಯಿತೆಂದು ಕೂರುವವರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಆ ಬೇರು ಹರಡಿದಷ್ಟು ಮಣ್ಣಿಗೆ ಮಾತ್ರ ಅದರ ಗುಣ. ಇಡೀ ಪಾತಿ ತುಂಬುವಂತೆ ಗೇಣಿಗೊಂದು ಗಿಡ ನೆಡಬೇಕು. ಎರಡು ತಿಂಗಳಿಗೆ ಕಡಿಮೆಯಿಲ್ಲದಂತೆ, ಮೂರಾದರೆ ಇನ್ನೂ ಒಳ್ಳೆಯದು, ನೆಲದಲ್ಲಿ ಇರಬೇಕು. ನಡುವೆ ಒಂದು ಗಣಿಕೆ ಗಿಡವೂ ಏಳದಂತೆ ಕಳೆ ತೆಗೆಯಬೇಕು, ಇಲ್ಲದಿದ್ದರೆ ಹುಳು ಕಳೆಯಲ್ಲಿ ಸಂಸಾರ ಮಾಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಚೆಂಡುಹೂವಿಗೆ ಬರುವ ಕಾಟ ಜೇಡನುಸಿ. ಎಲೆಯ ತಳದಲ್ಲಿ ಬಲೆ ಕಟ್ಟಿ ಎಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಎಲೆಯ ತಳಕ್ಕೆ ಬೀಳುವಂತೆ ನೀರು ಚಿಮುಕಿಸಿದರೆ ನನಗೆ ಅಷ್ಟೇ ಸಾಕಾಯಿತು.

ಜಿನಿಯ ಕೂಡ ಒಳ್ಳೆಯ ಆಯ್ಕೆ. ಇದೇ ಹುಳುವಿಗೆ ಅದರ ಬೇರು ಅಷ್ಟಾಗಿ ಒಗ್ಗುವುದಿಲ್ಲ, ಬಿಸಿಲಿಗೆ ಬಗ್ಗುವ ಹೂವೂ ಅಲ್ಲ. ಮಳೆ ಶುರುವಾಗಿ ತೇವ ಹಿಡಿದಾಗ ಎಲೆಗೆ ಬೂದಿರೋಗ ಬರುತ್ತದೆ, ಆ ಹೊತ್ತಿಗೆ ಕಿತ್ತರಾಯಿತು. ಹನೂರಿನಂಥ ನೀರು ಕಡಿಮೆ ಇರುವ ಕಡೆಗೆ ಗೈಲಾರ್ಡಿಯ ಹೇಳಿ ಮಾಡಿಸಿದಂತಿದೆ, ನಾದಿನಿಯ ಬೇಲಿ ಬದಿಗೆ ಈಗ ಅದೇ. ಮನೆ ಮುಂದಿನ ಪಾತಿಗೆ ನಿತ್ಯಕಲ್ಯಾಣಿ ಹಾಕಿ, ದನ ಬಾಯಿ ಹಾಕುವುದಿಲ್ಲ, ದಿನವೂ ದೇವರ ಮುಂದಿಡಲು ಹತ್ತು ಹೂ ಸಿಗುತ್ತದೆ. ಅದಕ್ಕೆ ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಅದೊಂದು ಎಚ್ಚರ. ಸುಗಂಧರಾಜ ಬೇಕೇ ಬೇಕು ಎನ್ನುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್ ತಳಿಯ ಗೆಡ್ಡೆ ಕೇಳಿ. ಅದು ಬೇರುಗಂಟನ್ನು ತಾಳಿಕೊಳ್ಳುತ್ತದೆ. ಕನಕಾಂಬರ, ಕರ್ಣಕುಂಡಲ, ಕೋಳಿಜುಟ್ಟುಗಳನ್ನು ಗಂಟು ಕಂಡ ಮಣ್ಣಿಗೆ ಈ ವರ್ಷ ಹಾಕಬೇಡಿ. ಆಸೆ ತಡೆಯದಿದ್ದರೆ ಕುಂಡದಲ್ಲಿ, ಬೇರೆ ಕಡೆಯ ಶುದ್ಧ ಮಣ್ಣಿನಲ್ಲಿ ಎರಡು ಗಿಡ ಇಟ್ಟುಕೊಳ್ಳಿ.

ಇಂಥ ನಷ್ಟ ನಮ್ಮೊಬ್ಬರದೇ ಅಲ್ಲ. ನಮ್ಮ ಕರ್ಣಕುಂಡಲದ ಬಳಗದ ಇಂಪೇಷನ್ಸ್ ಎಂಬ ಹೂವು ಇಂಗ್ಲೆಂಡು, ಅಮೆರಿಕಗಳಲ್ಲಿ ಬೇಸಿಗೆಯ ಪಾತಿಗಳ ರಾಣಿಯಂತಿತ್ತು. ಅದಕ್ಕೆ ಎಲೆಯ ತಳದಲ್ಲಿ ಬಿಳಿ ಬೂಷ್ಟು ಕಟ್ಟಿ ಎಲೆಯೆಲ್ಲ ಉದುರುವ ರೋಗ ಬಂತು. 2003ರಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿದ ಅದು 2011, 2012ರ ಹೊತ್ತಿಗೆ ಎರಡೂ ದೇಶಗಳಲ್ಲಿ ತೋಟಗಳನ್ನೇ ಬೋಳು ಮಾಡಿತು. ಎಷ್ಟೋ ನರ್ಸರಿಗಳು ಆ ಸಸಿ ಮಾರುವುದನ್ನೇ ನಿಲ್ಲಿಸಿ, ರೋಗ ತಗುಲದ ನ್ಯೂ ಗಿನಿ ಇಂಪೇಷನ್ಸ್, ಬಿಗೋನಿಯಗಳ ಕಡೆ ತಿರುಗಿದವು. ತಡೆದುಕೊಳ್ಳುವ ಹೊಸ ತಳಿ ಬರುವವರೆಗೆ ಜನ ಕಾದರು. ಪ್ರೀತಿಯ ಹೂವನ್ನು ಕೆಲವು ವರ್ಷ ಬಿಟ್ಟಿರುವುದು ಸೋಲೇನಲ್ಲ.

ನಾನು ನನ್ನ ಹಿತ್ತಲಿನಲ್ಲಿ ಮಾಡಿದ್ದನ್ನು ಹೇಳುತ್ತೇನೆ. ರೋಗದ ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟೆ, ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಮಣ್ಣನ್ನು ಮೊಳದಾಳಕ್ಕೆ ಅಗೆಸಿ ಹತ್ತು ದಿನ ಬಿಸಿಲಿಗೆ ಬಿಟ್ಟೆ, ಇನ್ನೊಮ್ಮೆ ಮಗುಚಿಸಿದೆ. ಹಿರಿಯರು ಮಾಗಿ ಉಳುಮೆಗೆ ಯಾಕೆ ಅಷ್ಟು ಬೆಲೆ ಕೊಡುತ್ತಿದ್ದರು ಎಂದು ಆಗ ಅರ್ಥವಾಯಿತು. ಆಮೇಲೆ ಮಣ್ಣು ನೆನೆಯುವಂತೆ ನೀರು ಹಾಯಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂತೆ. ಕಪ್ಪು ಹಾಳೆ ಅಲ್ಲ, ಬಿಸಿಲು ಒಳಗೆ ಇಳಿಯಬೇಕು. ಆರು ವಾರ ಹಾಗೇ ಬಿಟ್ಟೆ. ಒಳಗೆ ಮಣ್ಣು 45 ಡಿಗ್ರಿ ದಾಟಿ ಕಾದರೆ ಮೊಟ್ಟೆ, ಮರಿ ಬದುಕುವುದು ಕಷ್ಟ. ಇದು ಕೆಲಸ ಮಾಡುವುದು ಮೇಲಿನ ಐದಾರು ಅಂಗುಲಕ್ಕೆ. ಕೆಳಗಿನದು ಉಳಿಯುತ್ತದೆ, ಅದಕ್ಕೇ ಮುಂದೆ ಚೆಂಡುಹೂವು ಬೇಕು. ಹಾಳೆ ತೆಗೆದ ಮೇಲೆ ಚದರ ಮೀಟರಿಗೆ ಕಾಲು ಕೆಜಿಯಂತೆ ಬೇವಿನ ಹಿಂಡಿ, ಜೊತೆಗೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ ನೆರಳಲ್ಲಿ ಮಾಗಿಸಿದ ಕೊಟ್ಟಿಗೆ ಗೊಬ್ಬರ ಹಾಕಿದೆ.

ಹರಳಿನ ರೂಪದ ವಿಷವೊಂದನ್ನು ಮಣ್ಣಿಗೆ ಹಾಕಿದರೆ ಹದಿನೈದು ದಿನದಲ್ಲಿ ಸರಿಹೋಗುತ್ತದೆ ಎಂದು ಹೇಳಿದವರಿದ್ದರು. ನಮ್ಮ ಹಿತ್ತಲಿನಲ್ಲಿ ಕೋಳಿಗಳು ಕೆದಕುತ್ತವೆ, ಮೊಮ್ಮಗ ಮಣ್ಣಾಡುತ್ತಾನೆ, ಬದುವಿನ ಸೊಪ್ಪನ್ನು ಸಾರಿಗೆ ಹಾಕುತ್ತೇವೆ. ಮನೆ ಹಿತ್ತಲಿಗೆ ಆ ವಿಷ ಬೇಡವೇ ಬೇಡ.

ಹೊಲದ ಅಳತೆಯಲ್ಲಿ ಹೂ ಬೆಳೆಯುವವರು ನನ್ನ ಕಣ್ಣಂದಾಜನ್ನು ನಂಬಿ ಕೂರಬಾರದು. ಐದಾರು ಕಡೆ ಒಂದು ಗೇಣು ಆಳದಿಂದ ಮಣ್ಣನ್ನೂ ಎಳೆಬೇರನ್ನೂ ತೆಗೆದು, ಬೆರೆಸಿ, ಅರ್ಧ ಕೆಜಿಯಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ, ಇಲ್ಲವೇ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ತೋರಿಸಿ. ಬೇರಿನಲ್ಲಿ ಗಂಟು ಕಂಡ ಮಾತ್ರಕ್ಕೆ ಎಲ್ಲವೂ ರೋಗವಲ್ಲ. ಹುರುಳಿ, ಅಲಸಂದೆ, ಅಪ್ಸೆಣಬಿನ ಬೇರಿನಲ್ಲಿ ಒಳ್ಳೆಯ ಗಂಟುಗಳಿರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ಮೀಟಿದರೆ ಉದುರುತ್ತವೆ, ಸೀಳಿದರೆ ಒಳಗೆ ನಸುಗೆಂಪು. ರೋಗದ ಗಂಟು ಬೇರೇ ಊದಿಕೊಂಡದ್ದು. ಕಿತ್ತರೆ ಬೇರೂ ಹರಿದು ಬರುತ್ತದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಹಿತ್ತಲಿನ ಐದು ಕಡೆಯ ಮಣ್ಣನ್ನು ಐದು ಕುಂಡಗಳಿಗೆ ತುಂಬಿ ಬೆಂಡೆ ಬೀಜ ಹಾಕಿದೆ. ಬೆಂಡೆಗೆ ಈ ಹುಳು ಬಹಳ ಬೇಗ ಹತ್ತುತ್ತದೆ, ಮಣ್ಣು ಪರೀಕ್ಷಿಸಲು ಅದಕ್ಕಿಂತ ಸುಲಭದ ದಾರಿ ಮನೆಯಲ್ಲಿ ಬೇರೆಯಿಲ್ಲ. ನಲವತ್ತು ದಿನಕ್ಕೆ ಐದನ್ನೂ ಕಿತ್ತು ತೊಳೆದು ಜಗಲಿಯ ಮೇಲೆ ಸಾಲಾಗಿ ಇಟ್ಟೆವು. ನಾಲ್ಕರ ಬೇರು ಬೆಳ್ಳಗಿತ್ತು. ರೋಗ ಬೇರುಸಹಿತ ಹೋಯಿತೆಂದು ಇದರ ಅರ್ಥವಲ್ಲ, ಗಿಡ ತಾಳುವಷ್ಟಕ್ಕೆ ಇಳಿದಿದೆ. ಆ ನಾಲ್ಕು ಕಡೆ ಅಕ್ಕನ ಮನೆಯ ಕನಕಾಂಬರ ನೆಟ್ಟಿದ್ದೇನೆ, ನಡುನಡುವೆ ಕಿತ್ತು ನೋಡಲೆಂದೇ ಎರಡೆರಡು ಗಿಡ ಹೆಚ್ಚಾಗಿ. ಐದನೆಯದು ಬಚ್ಚಲ ನೀರು ಹರಿಯುವ ಮೂಲೆಯ ಮಣ್ಣು. ಅಲ್ಲಿ ಸದಾ ತೇವ, ಪ್ಲಾಸ್ಟಿಕ್ ಹೊದಿಸಿ ಕಾಯಿಸಲು ಆಗಿರಲಿಲ್ಲ. ಆ ಬೆಂಡೆಯ ಬೇರಿನಲ್ಲಿ ಹನ್ನೊಂದು ಗಂಟು ಎಣಿಸಿದೆ. ಆ ಮೂಲೆಗೆ ಈ ಬೇಸಿಗೆಯೂ ಚೆಂಡುಹೂವೇ.